ಬೆನ್ನು ಜಾರಿದ್ದು ಯಾರ ಕೆಲಸದಲ್ಲಿ?

ಬೆಳಗ್ಗೆ ಮದ್ರಸಕ್ಕೆ ಮಕ್ಕಳನ್ನು ಬಿಡಲು ಬರುವ ತಾಯಂದಿರ ಪೈಕಿ ಒಬ್ಬರು ಕಳೆದ ಮಳೆಗಾಲದಿಂದ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ನಡೆಯುತ್ತಿದ್ದಾರೆ. ಮಂಗಳೂರಿನ ಮನೆಯೊಂದರಲ್ಲಿ ಪಾರ್ಶ್ವವಾಯು ಬಡಿದ ಅಜ್ಜಿಯನ್ನು ನೋಡಿಕೊಳ್ಳುವ ಹೋಂ ನರ್ಸ್ ಆಗಿದ್ದವರು. ಅಜ್ಜಿಯನ್ನು ಮಂಚದಿಂದ ಗಾಲಿಕುರ್ಚಿಗೆ ಎತ್ತುವಾಗ ಒದ್ದೆ ನೆಲದಲ್ಲಿ ಕಾಲು ಜಾರಿತು. ಅಜ್ಜಿ ಬೀಳಬಾರದೆಂದು ಭಾರವನ್ನೆಲ್ಲ ಇವರೇ ಹೊತ್ತರು. ಅಜ್ಜಿಗೆ ಏನೂ ಆಗಲಿಲ್ಲ, ಇವರ ಬೆನ್ನಿನ ಡಿಸ್ಕ್ ಜಾರಿತು.

"ಉಸ್ತಾದರೇ, ಏಜೆನ್ಸಿಯವರು ಹೇಳ್ತಾರೆ, ನಾವು ಕೆಲಸ ತೋರಿಸಿದ್ದು ಅಷ್ಟೇ ಅಂತ. ಮನೆಯವರು ಹೇಳ್ತಾರೆ, ನಾವು ದುಡ್ಡು ಕೊಟ್ಟದ್ದು ಏಜೆನ್ಸಿಗೆ ಅಂತ. ಹಾಗಾದ್ರೆ ನಾನು ದುಡಿದದ್ದು ಯಾರಿಗೆ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಜಮಾಅತ್‌ನಿಂದ ಸ್ವಲ್ಪ ಹಣ ಕೂಡಿಸಿ ಕೊಟ್ಟೆವು. ಅದು ಸ್ಕ್ಯಾನಿಂಗ್‌ಗೇ ಮುಗಿಯಿತು. ಉಳಿದದ್ದಕ್ಕೆ ಕಿವಿಯ ಚಿನ್ನ ಅಡವಿಗೆ ಹೋಯಿತು. ಆಮೇಲೆ ಪರಿಚಯದ ವಕೀಲರೊಬ್ಬರಲ್ಲಿ ಕೇಳಿದಾಗಲೇ ಗೊತ್ತಾದದ್ದು, ನಾವು ದಾನವೆಂದು ಕೊಟ್ಟದ್ದು ಅವರಿಗೆ ಹಕ್ಕಾಗಿಯೇ ಬರಬಹುದಿತ್ತು ಎಂದು.

ಹತ್ತು ಅಥವಾ ಹೆಚ್ಚು ಮಂದಿಯನ್ನು ಕೆಲಸಕ್ಕಿಟ್ಟುಕೊಂಡ ಸಂಸ್ಥೆ ಇಎಸ್‌ಐ ವ್ಯಾಪ್ತಿಗೆ ಬರುತ್ತದೆ. ತಿಂಗಳ ಸಂಬಳ 21,000 ರೂಪಾಯಿ ಮೀರದವರ ಹೆಸರು ಅದರಲ್ಲಿ ಇರಲೇಬೇಕು. ಸಂಬಳದ ಶೇ. 3.25ನ್ನು ಧಣಿ, ಶೇ. 0.75ನ್ನು ಕೆಲಸದವರು ಕಟ್ಟಬೇಕು. ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆ ಉಚಿತ, ಏಳಲಾಗದ ದಿನಗಳಿಗೆ ಸಂಬಳದ ಶೇ. 90ರಷ್ಟು ಸಿಗುತ್ತದೆ. ಏಜೆನ್ಸಿ "ಕಮಿಷನ್ ಮಾತ್ರ" ಅಂತ ಬರೆದುಕೊಂಡರೆ ಮುಗಿಯಿತಾ? ಇಲ್ಲ. ಡ್ಯೂಟಿ ಹಾಕುವುದು ಯಾರು, ಸಂಬಳ ಕೊಡುವುದು ಯಾರು, ರಜೆ ಯಾರಲ್ಲಿ ಕೇಳಬೇಕು, ಇದನ್ನೆಲ್ಲ ನೋಡುತ್ತಾರೆ. ಇಎಸ್‌ಐ ಇಲ್ಲದಲ್ಲಿ 1923ರ ಪರಿಹಾರ ಕಾನೂನಿತ್ತು, ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅದು ಪಟ್ಟಿಯಲ್ಲಿರುವ ಕೆಲಸಗಳಿಗೆ ಮಾತ್ರ. ಅಪಘಾತವಾಗಿ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು.

ಆದರೆ ಈ ತಾಯಿಯ ಕೇಸು ಸಿಕ್ಕಿಬಿದ್ದದ್ದು ಬೇರೆಯೇ ಕಡೆ. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಅವರು ಡಾಕ್ಟರಲ್ಲಿ "ಮನೆಯಲ್ಲಿ ಬಿದ್ದೆ" ಎಂದಿದ್ದರು. ಚೀಟಿಯಲ್ಲಿ ಹಾಗೆಯೇ ಉಂಟು. ಯಾರ ಮನೆ ಎಂದು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಅಪಾಯಿಂಟ್‌ಮೆಂಟ್ ಪತ್ರ ಇಲ್ಲ, ಸಂಬಳ ಕೈಗೆ. ಉಳಿದದ್ದು ಮೊಬೈಲಿನಲ್ಲಿದ್ದ ವಾಟ್ಸ್ಆ್ಯಪ್ ಮೆಸೇಜುಗಳು, "ನಾಳೆಯಿಂದ ಆ ಮನೆಗೆ ಹೋಗಿ" ಎಂಬಂಥವು. ವಕೀಲರು ಅದನ್ನೇ ಜೋಪಾನ ಮಾಡಲು ಹೇಳಿದರು.

ನಮ್ಮ ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳು ಗಲ್ಫಿನಲ್ಲಿ, ಹಾಸಿಗೆ ಹಿಡಿದ ಉಮ್ಮನಿಗೆ ಹೋಂ ನರ್ಸ್. ಆಕೆ ಬಿದ್ದರೆ ಆಸ್ಪತ್ರೆಗೆ ಕರೆದೊಯ್ದು ಎಲ್ಲಿ, ಹೇಗೆ ಬಿದ್ದದ್ದೆಂದು ಸರಿಯಾಗಿ ಬರೆಸುವ ಕೆಲಸ ನಮ್ಮದೂ ಹೌದು.

ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಇವರ ಅರ್ಜಿ ಈಗ ಅಲ್ಲಿದೆ. ಅಜ್ಜಿಯ ಸೊಸೆ "ಬಿದ್ದದ್ದು ನಮ್ಮಲ್ಲೇ" ಎಂದು ಬರೆದುಕೊಡಲು ಒಪ್ಪಿದ್ದಾರೆ. ಏಜೆನ್ಸಿ ಇನ್ನೂ ಫೋನ್ ಎತ್ತಿಲ್ಲ.