ಎಲ್ಲಿ ಸಿಕ್ಕಿದ ನಾಣ್ಯ?

ರೋಮಿನ ಚಕ್ರವರ್ತಿ ಟೈಬೀರಿಯಸ್ ಕ್ರಿ.ಶ. 14ರಿಂದ 37ರವರೆಗೆ ಆಳಿದ. ಅವನ ಕಾಲದ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ ನಾಲ್ಕು ಗ್ರಾಮಿಗೂ ಕಡಿಮೆ ತೂಗುತ್ತದೆ. ಒಂದು ಮುಖದಲ್ಲಿ ಎಲೆಮಾಲೆ ಮುಡಿದ ದೊರೆಯ ತಲೆ, ಇನ್ನೊಂದರಲ್ಲಿ ಪೀಠದ ಮೇಲೆ ಕೂತ ಹೆಂಗಸಿನ ಆಕೃತಿ. ಯುರೋಪು, ಅಮೆರಿಕದ ಹರಾಜುಗಳಿಗೆ ಇದು ಮೇಲಿಂದ ಮೇಲೆ ಬರುವ ಮಾಲು. ತೆರಿಗೆ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಾಗ ಯೇಸು ತರಿಸಿ ನೋಡಿದ ನಾಣ್ಯ ಇದೇ ಇರಬೇಕೆಂಬ ನಂಬಿಕೆ ಕ್ರೈಸ್ತ ಸಂಗ್ರಾಹಕರಲ್ಲಿ ಬೇರೂರಿರುವುದರಿಂದ ಸಾಧಾರಣ ಸ್ಥಿತಿಯದಕ್ಕೂ ನೂರಾರು ಡಾಲರ್ ಕೂಗುತ್ತಾರೆ. ಇದೇ ಟೈಬೀರಿಯಸನ ನಾಣ್ಯ ನಮ್ಮ ನೆಲದಲ್ಲೂ ಸಿಕ್ಕಿದೆ. ಚಿಗಟೇರಿ, ಕೊಟ್ಟೂರು ಕಡೆಯಿಂದ ಜಗಳೂರು ದಾಟಿ ದಕ್ಷಿಣಕ್ಕೆ ಹೋದರೆ ಚಿತ್ರದುರ್ಗ. ಅದರ ಮಗ್ಗುಲಿಗೇ ಗುಡ್ಡಗಳ ನಡುವಿನ ಚಂದ್ರವಳ್ಳಿ. ಅಲ್ಲಿ ಸಿಕ್ಕ ನಾಣ್ಯವನ್ನು ಯಾರೂ ಹರಾಜು ಹಾಕಲಿಲ್ಲ. ಆದರೂ ಹರಾಜಿನಲ್ಲಿ ಬಿಕರಿಯಾದ ಅದರ ಜೋಡಿಗಳಿಗಿಂತ ಅದರ ಬೆಲೆ ಹೆಚ್ಚು ಎಂದು ನಾನು ಹೇಳುತ್ತೇನೆ. ಹಳೆಯ ನಾಣ್ಯ ಕೊಳ್ಳುವ ಹವ್ಯಾಸ ನಮ್ಮಲ್ಲೂ ಬೆಳೆಯುತ್ತಿದೆ, ಮೊಬೈಲಿನಲ್ಲೇ ಕೂತು ಪರದೇಶದ ಹರಾಜಿಗೆ ಕೂಗು ಹಾಕುವುದು ಸುಲಭವಾಗಿದೆ. ಹಾಗಾಗಿ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಚಂದ್ರವಳ್ಳಿಯಲ್ಲಿ ನೆಲ ಅಗೆಸಿ ನೋಡಿದ ಮೊದಲಿಗರಲ್ಲಿ ಒಬ್ಬರು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ. ಆಮೇಲೆ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಲ್ಲಿಯೂ, ಕೂಡ್ಲಿಗಿಯ ಗಡಿಗೆ ಅಂಟಿಕೊಂಡಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಉತ್ಖನನ ನಡೆಸಿದರು. ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ನಾಣ್ಯಗಳ ಜತೆಗೆ ಆಗಸ್ಟಸ್ ಮತ್ತು ಟೈಬೀರಿಯಸರ ದಿನಾರಿಯಸ್‌ಗಳು ಬಂದವು. ಶಾತವಾಹನರ ನಾಣ್ಯದ ಮೇಲೆ ಇಸವಿ ಇರುವುದಿಲ್ಲ, ಮಡಕೆ ಚೂರಿನ ಮೇಲಂತೂ ಇಲ್ಲವೇ ಇಲ್ಲ. ರೋಮನ್ ದೊರೆಯ ಆಳ್ವಿಕೆಯ ವರ್ಷಗಳು ಮಾತ್ರ ಖಚಿತವಾಗಿ ಗೊತ್ತು. ಹಾಗಾಗಿ ಟೈಬೀರಿಯಸನ ಬೆಳ್ಳಿ ಬಿಲ್ಲೆ ಬಿದ್ದಿದ್ದ ಪದರ ಕ್ರಿ.ಶ. 14ಕ್ಕಿಂತ ಹಿಂದಿನದಲ್ಲ ಎಂದು ಹೇಳಲು ಸಾಧ್ಯವಾಯಿತು. ಅದೇ ಪದರದ ಮಡಕೆಗಳಿಗೂ ಒಂದು ಕಾಲ ಸಿಕ್ಕಿತು, ಅಂಥ ಮಡಕೆ ಇನ್ನೆಲ್ಲಿ ಕಂಡರೂ ಅಲ್ಲಿಗೂ ಆ ಲೆಕ್ಕ ಹಬ್ಬಿತು. ಪುದುಚೇರಿಯ ಬಳಿಯ ಅರಿಕಮೇಡಿನಿಂದ ಬ್ರಹ್ಮಗಿರಿಯವರೆಗೆ ಒಂದು ಕಾಲಸೂತ್ರ ಹೆಣೆಯಲು ವ್ಹೀಲರ್‌ಗೆ ನೆರವಾದದ್ದು ಇಂಥ ಸಾಕ್ಷ್ಯ. ನಾಣ್ಯ ಹೇಳುವುದು ‘ಇದಕ್ಕಿಂತ ಹಿಂದಲ್ಲ’ ಎಂಬುದನ್ನಷ್ಟೇ. ಟಂಕಸಾಲೆಯಿಂದ ಹೊರಬಿದ್ದ ಮೇಲೆ ಅದು ಎಷ್ಟು ವರ್ಷ ಕೈಯಿಂದ ಕೈಗೆ ಓಡಾಡಿತೋ ಅದೇ ಹೇಳಲಾರದು. ವ್ಹೀಲರ್ ಕಟ್ಟಿದ ಲೆಕ್ಕವೆಲ್ಲ ಇಂದು ಹಾಗೇ ನಿಂತಿಲ್ಲ. ಬೃಹತ್ ಶಿಲಾಗೋರಿಗಳ ಕಾಲದ ಕಬ್ಬಿಣ ಅವರು ಎಣಿಸಿದ್ದಕ್ಕಿಂತ ಎಷ್ಟೋ ಹಳೆಯದೆಂದು ಮುಂದೆ ಹಾವೇರಿ ಸೀಮೆಯ ಹಳ್ಳೂರಿನ ಉತ್ಖನನ ತೋರಿಸಿತು. ಆದರೆ ಹಾಗೆ ತಿದ್ದಲು ಸಾಧ್ಯವಾದದ್ದೂ ಯಾವ ಪದರದಲ್ಲಿ ಏನು ಸಿಕ್ಕಿತೆಂದು ಅವರು ಬರೆದಿಟ್ಟಿದ್ದರಿಂದಲೇ. ಅದೇ ದಿನಾರಿಯಸ್ಸನ್ನು ಯಾರೋ ರಾತ್ರಿ ಅಗೆದು, ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿ ಮಾರಿದ್ದರೆ ಹರಾಜಿನ ಕ್ಯಾಟಲಾಗಿನಲ್ಲಿ ಅದು ಇನ್ನೊಂದು ಟೈಬೀರಿಯಸ್ ನಾಣ್ಯವಾಗಿರುತ್ತಿತ್ತು, ಅಷ್ಟೆ.

ಒಂಟಿ ನಾಣ್ಯದ ಮಾತು ಹೀಗಾದರೆ, ಕುಡಿಕೆಯಲ್ಲಿ ಒಟ್ಟಿಗೆ ಸಿಗುವ ನಿಧಿಯ ಮಾತು ಇನ್ನೂ ದೊಡ್ಡದು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ಪ್ರದೇಶದಲ್ಲಿ ಇನ್ನೊಂದು ರಾಶಿ ಬಂತು, ಅದರಲ್ಲಿ 256. ಇಂಥ ರಾಶಿಯನ್ನು ದೊರೆಗಳ ಹೆಸರಿನಂತೆ ವಿಂಗಡಿಸಿ ಎಣಿಸಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ದಕ್ಷಿಣ ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ಆಗಸ್ಟಸ್, ಟೈಬೀರಿಯಸರದೇ ಮೇಲುಗೈ, ನೀರೋನ ಆಮೇಲಿನದು ವಿರಳ. ನೀರೋ ಕ್ರಿ.ಶ. 64ರಲ್ಲಿ ದಿನಾರಿಯಸ್‌ನ ತೂಕ ಇಳಿಸಿ ಬೆಳ್ಳಿಗೆ ಬೆರಕೆ ಹಾಕಿಸಿದ. ನಮ್ಮ ಕಡೆಯ ವ್ಯಾಪಾರಿಗಳು ಬೆಳ್ಳಿಯ ಕಸ ಗುರುತಿಸಿ ಹಳೆಯ, ಚೊಕ್ಕ ನಾಣ್ಯವನ್ನೇ ಕೇಳಿ ಪಡೆದಿರಬೇಕು ಎಂಬ ಊಹೆಗೆ ಬಲ ಬರುವುದು ಇಡೀ ರಾಶಿ ಒಟ್ಟಿಗೆ ಉಳಿದಾಗ ಮಾತ್ರ. ನೂರು ನಾಣ್ಯಗಳು ನೂರು ಲಾಟುಗಳಾಗಿ ನೂರು ಮನೆ ಸೇರಿದರೆ ಈ ಎಣಿಕೆಯನ್ನು ಮತ್ತೆ ಯಾರೂ ಮಾಡಲಾರರು.

ಹರಾಜಿನವರ ಕಣ್ಣಿಗೂ ಚರಿತ್ರೆಯ ಕಣ್ಣಿಗೂ ಇರುವ ಅಂತರ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನ ನಿಧಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ದೊರೆತ ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವು ಐದು, ಆರನೆಯ ಶತಮಾನದ ಬೈಜಾಂಟಿಯಂ ಚಕ್ರವರ್ತಿಗಳವು. ಕಾನ್‌ಸ್ಟಾಂಟಿನೋಪಲಿನ ಚಿನ್ನ ಕದಂಬರ ನಾಡಿನವರೆಗೆ ಬಂದಿತ್ತು. ಅವುಗಳಲ್ಲಿ ದೊರೆಯ ತಲೆಯ ಮೇಲ್ಗಡೆ ಜೋಡಿ ತೂತು ಕೊರೆದವು ಇವೆ. ಹರಾಜಿನ ಭಾಷೆಯಲ್ಲಿ ತೂತು ಬಿದ್ದ ನಾಣ್ಯ ಕೆಟ್ಟ ನಾಣ್ಯ, ಬೆಲೆ ಕುಸಿಯುತ್ತದೆ. ಆದರೆ ಆ ತೂತು ಕೊರೆದವನು ಇಲ್ಲಿನ ಅಕ್ಕಸಾಲಿಗನೇ ಇದ್ದಾನು. ದೊರೆಯ ಮುಖ ನೆಟ್ಟಗೆ ಕಾಣುವಂತೆ ದಾರಕ್ಕೋ ಬಟ್ಟೆಗೋ ಪೋಣಿಸಲು ಜಾಗ ನೋಡಿಯೇ ಕೊರೆದಿದ್ದಾನೆ. ಪರದೇಶದ ಹಣವನ್ನು ನಮ್ಮವರು ಒಡವೆ ಮಾಡಿಕೊಂಡದ್ದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. 1898ರಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಕಡೆ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವುಗಳ ಮೇಲೆ ಚಕ್ರವರ್ತಿಯ ತಲೆಗೆ ಅಡ್ಡಲಾಗಿ ಉಳಿಯ ಏಟು ಬಿದ್ದಿತ್ತು. ಅದೂ ಕ್ಯಾಟಲಾಗಿನಲ್ಲಿ ದೋಷವೇ; ವಿದ್ವಾಂಸರಿಗೆ ಮಾತ್ರ ಇಂದಿಗೂ ವಾದದ ವಸ್ತು. ಅಂದವಾದ, ಸವೆಯದ, ತೂತಿಲ್ಲದ ನಾಣ್ಯಕ್ಕೆ ಹಣ ಸುರಿಯುವ ಮಾರುಕಟ್ಟೆ, ಮನುಷ್ಯರ ಕೈ ಹೆಚ್ಚು ಆಡಿದ ನಾಣ್ಯವನ್ನು ಕೆಳಗಿಡುತ್ತದೆ.

ನಾಣ್ಯ ಎಲ್ಲಿಂದ ಬಂತೆಂಬ ಪೂರ್ವಾಪರದ ಮಾತೆಲ್ಲ ಪ್ರಾಧ್ಯಾಪಕರ ಚಿಂತೆ, ಕೊಳ್ಳುವವನಿಗೆ ಅದರಿಂದ ಏನಾಗಬೇಕು ಎಂದು ಕೇಳುವವರು 2020ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ನಡೆದದ್ದನ್ನು ನೋಡಬೇಕು. ಜೂಲಿಯಸ್ ಸೀಸರನ ಕೊಲೆಯ ನೆನಪಿಗೆ ಬ್ರೂಟಸ್ ಹೊರಡಿಸಿದ, ಎರಡು ಕಠಾರಿಗಳ ಚಿತ್ರವಿರುವ ಚಿನ್ನದ ನಾಣ್ಯವೊಂದು ಅಂದಿನ ಲೆಕ್ಕದಲ್ಲಿ ಸುಮಾರು 30 ಕೋಟಿ ರೂಪಾಯಿಗೆ ಹರಾಜಾಯಿತು. ಹಳೆಯ ಸಂಗ್ರಹದಿಂದ ಬಂದದ್ದು ಎಂದು ತೋರಿಸಿದ್ದ ದಾಖಲೆ ಸುಳ್ಳೆಂಬ ಆರೋಪ ಎದ್ದು, ನ್ಯೂಯಾರ್ಕಿನ ಅಧಿಕಾರಿಗಳು ಅದನ್ನು ವಶಪಡಿಸಿಕೊಂಡರು. 2023ರಲ್ಲಿ ನಾಣ್ಯ ಗ್ರೀಸಿಗೆ ಮರಳಿತು. ನಾಣ್ಯ ಅಸಲಿ, ಜತೆಗಿದ್ದ ಕಾಗದ ನಕಲಿ. ಹಣ ಎಷ್ಟೇ ಇರಲಿ, ಪೂರ್ವಾಪರ ಕೇಳದೆ ಕೊಂಡ ವಸ್ತು ಕೈಯಲ್ಲಿ ಉಳಿಯುತ್ತದೆಂಬ ಭರವಸೆ ಇಲ್ಲ.

ಸಂಗ್ರಾಹಕರ ಕಡೆಯ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕೊಳ್ಳುವವರು ಇಲ್ಲದಿದ್ದರೆ ಹೊಲದಲ್ಲಿ ಸಿಕ್ಕ ಚಿನ್ನ ನೇರ ಅಕ್ಕಸಾಲಿಗನ ಮೂಸೆಗೆ ಹೋಗುತ್ತಿತ್ತು ಎನ್ನುತ್ತಾರೆ. ಅದು ನಿಜ, ಹಾಗೆ ಕರಗಿದ ವರಹ, ಹಣಗಳಿಗೆ ಲೆಕ್ಕವಿಲ್ಲ. ಕಾನೂನಿನ ಬಿಗಿಯೂ ಜನರನ್ನು ದೂರ ತಳ್ಳಿದೆ. 1878ರ ನಿಧಿ ಕಾಯ್ದೆಯಂತೆ ಸರ್ಕಾರ ನಿಧಿಯನ್ನು ತಾನೇ ಇಟ್ಟುಕೊಂಡರೆ ಕೊಡುತ್ತಿದ್ದದ್ದು ಲೋಹದ ಬೆಲೆ, ಅದರ ಮೇಲೆ ಐದನೆಯ ಒಂದು ಪಾಲು. ಹರಾಜಿನಲ್ಲಿ ಅದರ ಹತ್ತು ಪಟ್ಟು ಬರುವುದೆಂದು ಗೊತ್ತಾದವನಿಗೆ ಕಚೇರಿಯ ಮೆಟ್ಟಿಲು ಹತ್ತುವ ಮನಸ್ಸು ಹೇಗೆ ಬಂದೀತು? ನಿಧಿ ತಂದು ಒಪ್ಪಿಸಿದವರಿಗೆ ಚಾರಿತ್ರಿಕ ಬೆಲೆಯನ್ನೂ ಸೇರಿಸಿ ಕೊಡುವುದು ನ್ಯಾಯ, ಬೇಗ ಕೊಡುವುದು ಇನ್ನೂ ಮುಖ್ಯ. ಆದರೆ ಕೊಳ್ಳುವವರು ಕಾಪಾಡುತ್ತಾರೆ ಎಂಬ ವಾದದ ಇನ್ನೊಂದು ಮಗ್ಗುಲನ್ನು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ ಜಿಲ್ಲೆಗಳಲ್ಲಿ ಹಾಳು ಗುಡಿಗಳ ಗರ್ಭಗುಡಿ ಅಗೆದು, ಲಿಂಗ ಕಿತ್ತು ಪಕ್ಕಕ್ಕೆಸೆದು ಹೋಗುವ ನಿಧಿಗಳ್ಳರ ಹಾವಳಿ ಹಳೆಯದು. ‘ಎಲ್ಲಿಂದ ತಂದೆ’ ಎಂದು ಕೇಳದೆ ಹಣ ಕೊಡುವ ಗಿರಾಕಿ ಎಲ್ಲೋ ಇದ್ದಾನೆಂಬ ನಂಬಿಕೆಯೇ ಅವರ ಗುದ್ದಲಿಗೆ ಕಾವು.

ಎಲ್ಲಿ ಸಿಕ್ಕಿತೆಂದು ಕೇಳುವ ಈ ಕಟ್ಟುನಿಟ್ಟು ಎಲ್ಲ ನಾಣ್ಯಕ್ಕೂ ಬೇಕಿಲ್ಲ ಎಂಬುದನ್ನೂ ಒಪ್ಪುತ್ತೇನೆ. ವೆನಿಸಿನ ಡುಕಾಟ್ 1284ರಿಂದ 1797ರವರೆಗೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿ, ಮೂರೂವರೆ ಗ್ರಾಂ ಅಪ್ಪಟ ಚಿನ್ನದಲ್ಲಿ ಅಚ್ಚಾಯಿತು. ವಿಜಯನಗರದ ವರಹ ಸುಮಾರು 3.4 ಗ್ರಾಂ; ತೂಕ ಹೀಗೆ ಹತ್ತಿರವಿದ್ದುದರಿಂದ ಎರಡೂ ಒಂದೇ ಪೇಟೆಯಲ್ಲಿ ಸಲೀಸಾಗಿ ನಡೆದವು. ಸಂತನ ಮುಂದೆ ಮಂಡಿಯೂರಿದ ವೆನಿಸಿನ ಅಧಿಪತಿಯ ಚಿತ್ರವನ್ನು ಇಲ್ಲಿನವರು ತಮ್ಮ ದೇವರೆಂದೇ ಕಂಡು ಸರಕ್ಕೆ ಪೋಣಿಸಿದರು, ಪುತಳಿ ಎಂದು ಅದರ ನಕಲನ್ನೂ ಮಾಡಿದರು. ಇಂಥವು ನೆಲದಿಂದಲ್ಲ, ಅಜ್ಜಿಯಂದಿರ ಪೆಟ್ಟಿಗೆಯಿಂದ ಬರುವವು. ಮನೆತನದ ಹೆಸರೇ ಅವಕ್ಕೆ ಪೂರ್ವಾಪರ. ಆಸ್ಟ್ರಿಯದ ಮರಿಯಾ ತೆರೇಸಾ ಬೆಳ್ಳಿ ನಾಣ್ಯದ್ದು ಬೇರೆ ಕತೆ. ರಾಣಿ ಸತ್ತ 1780ನೇ ಇಸವಿಯನ್ನೇ ಹೊತ್ತು ಅದು ಇಪ್ಪತ್ತನೆಯ ಶತಮಾನದಲ್ಲೂ ಅಚ್ಚಾಗುತ್ತಲೇ ಇತ್ತು. ಇಸವಿ ಓದಿ ಪುರಾತನವೆಂದು ಹಣ ಕೊಟ್ಟವರು ಮೋಸಹೋಗುತ್ತಾರೆ.

ನಕಲಿಯ ಭಯವೂ ಕೊನೆಗೆ ಎಲ್ಲಿಂದ ಬಂತೆಂಬ ಇದೇ ಪ್ರಶ್ನೆಗೆ ತಂದು ನಿಲ್ಲಿಸುತ್ತದೆ. ಹದಿನಾರನೆಯ ಶತಮಾನದಲ್ಲಿ ಪಾದುವದ ಕವಿನೊ ರೋಮನ್ ನಾಣ್ಯಗಳ ಮಾದರಿಯಲ್ಲಿ ಅಚ್ಚು ಕೊರೆದ. 1830ರಲ್ಲಿ ತೀರಿಕೊಂಡ ಜರ್ಮನಿಯ ಬೆಕರ್ ಗ್ರೀಕ್, ರೋಮನ್ ನಾಣ್ಯಗಳನ್ನು ಪಳಗಿದ ಕಣ್ಣೂ ತಪ್ಪುವಂತೆ ತಯಾರಿಸಿದ. ಎರಕದ ನಕಲಿಯಾದರೆ ಅಂಚಿನ ಗೆರೆ, ಮೇಲ್ಮೈಯ ಸಣ್ಣ ಗುಳಿಗಳಿಂದ ಸಿಕ್ಕಿಬೀಳಬಹುದು; ಅಚ್ಚೊತ್ತಿದ್ದನ್ನು ಫೋಟೊ ನೋಡಿ ಹಿಡಿಯುವುದು ಕಷ್ಟ. ಮುದ್ರಿತ ಕ್ಯಾಟಲಾಗಿನಲ್ಲಿ ಹಿಂದೆಂದೋ ಚಿತ್ರಸಹಿತ ದಾಖಲಾದ ನಾಣ್ಯ ಈ ವಿಷಯದಲ್ಲಿ ಎಷ್ಟೋ ಸುರಕ್ಷಿತ. ಹಾಗಾಗಿ ಕೂಗು ಹಾಕುವ ಮೊದಲು ಯಾವ ಸಂಗ್ರಹದಿಂದ ಬಂತು, ಯಾವ ವರ್ಷದಿಂದ ದಾಖಲೆಯಿದೆ, ಮೊದಲು ಎಲ್ಲಿ ಮಾರಾಟವಾಯಿತು ಎಂದು ಬರಹದಲ್ಲಿ ಕೇಳಬೇಕು. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್ನು, ತೆರಿಗೆ, ಸಾಗಣೆ ಸೇರುತ್ತವೆ. ನಮ್ಮಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ. ಬಿಲ್ಲು, ಲಾಟಿನ ನಂಬರು, ಕ್ಯಾಟಲಾಗಿನ ಪುಟ ಇವನ್ನು ನಾಣ್ಯದ ಜತೆಗೇ ಇಟ್ಟುಕೊಂಡರೆ ಮುಂದೆ ಕೊಳ್ಳುವವನಿಗೂ ಓದುವವನಿಗೂ ದಾರಿ ಉಳಿಯುತ್ತದೆ.

ಚಿಗಟೇರಿಯ ಹೊಲದಲ್ಲೋ ಹಡಗಲಿಯ ಹೊಳೆದಂಡೆಯಲ್ಲೋ ನೇಗಿಲಿಗೆ ಕುಡಿಕೆಯೊಂದು ಸಿಕ್ಕರೆ ಮೊದಲು ಮಾಡಬೇಕಾದ್ದು ಅದನ್ನು ಎತ್ತದಿರುವುದು. ಇದ್ದಲ್ಲೇ ಇಟ್ಟು, ಮಣ್ಣಿನ ಸಮೇತ ಫೋಟೊ ತೆಗೆದು, ಸರ್ವೆ ನಂಬರು, ಎಷ್ಟು ಆಳದಲ್ಲಿತ್ತು, ಜತೆಗೆ ಮಡಕೆ ಚೂರು, ಇಟ್ಟಿಗೆ, ಬೂದಿ ಏನಿತ್ತು ಎಂದು ಬರೆದುಕೊಂಡು ತಹಶೀಲ್ದಾರರಿಗೆ ತಿಳಿಸಬೇಕು. ನೇಗಿಲಿಗೆ ಒಡೆದು ಚದುರಿದ ಕುಡಿಕೆಯ ಚೂರುಗಳನ್ನೂ ಬಿಡದೆ ಕಾಪಾಡಬೇಕು, ನಾಣ್ಯಗಳನ್ನು ತೊಳೆಯಬಾರದು.