ಹಾಲು ಬಿಟ್ಟರೆ ಕಣ್ಣು ಮಂಜಾಗುತ್ತದೆಯೇ?

“ಡಾಕ್ಟ್ರೇ, ದಿನಕ್ಕೆ ಒಂದು ಲೋಟ ಹಾಲಾದರೂ ಕುಡಿ ಅಂತ ಇವಳಿಗೆ ನೀವೇ ಹೇಳಿ. ಹಾಲು, ಮೊಸರು ಬಿಟ್ಟು ಕಣ್ಣು ಹಾಳು ಮಾಡಿಕೊಂಡಿದ್ದಾಳೆ.”

ಇಪ್ಪತ್ತಾರು ವರ್ಷದ ಮಗಳನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದ ತಂದೆಯೊಬ್ಬರ ಮಾತಿದು. ಕಾಲೇಜಿನಲ್ಲಿದ್ದಾಗಲೇ ಆಕೆ ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಟ್ಟಿದ್ದಳು. ಪ್ರಾಣಿಗಳಿಗೆ ಹಿಂಸೆಯಾಗಬಾರದು ಎಂಬುದು ಕಾರಣ. “ದಿನಾ ಸೊಪ್ಪು, ಕ್ಯಾರೆಟ್ ತಿನ್ನುತ್ತೇನೆ ಡಾಕ್ಟರ್. ಕಣ್ಣಿಗೆ ಇನ್ನೇನು ಬೇಕು?” ಎಂದು ಆಕೆ ಕೇಳಿದಳು.

ತಂದೆ, ಮಗಳು ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿತ್ತು. ಇನ್ನರ್ಧ ಏನೆಂಬುದನ್ನು ಇಂಥ ಆಹಾರ ಅನುಸರಿಸುವವರೂ ಅವರ ಮನೆಯವರೂ ತಿಳಿದಿರಬೇಕು.

ವೀಗನ್ ಆಹಾರವೆಂದರೆ...

ನಮ್ಮಲ್ಲಿ ಸಸ್ಯಾಹಾರಿ ಎಂದರೆ ಮಾಂಸ, ಮೊಟ್ಟೆ ತಿನ್ನದವರು. ಹಾಲು, ಮೊಸರು, ತುಪ್ಪಕ್ಕೆ ಅಡ್ಡಿಯಿಲ್ಲ. ವೀಗನ್ನರು ಇವನ್ನೂ, ಜೇನುತುಪ್ಪವನ್ನೂ ಮುಟ್ಟುವುದಿಲ್ಲ. ‘ವೀಗನ್’ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ಆ ವರ್ಷ ವೀಗನ್ ಸೊಸೈಟಿಯನ್ನು ಸ್ಥಾಪಿಸಿದರು. ಈಗ ನಮ್ಮ ಊರುಗಳಲ್ಲೂ, ಮುಖ್ಯವಾಗಿ ಯುವಕ ಯುವತಿಯರಲ್ಲಿ, ಈ ಪದ್ಧತಿ ಅನುಸರಿಸುವವರಿದ್ದಾರೆ.

‘ಎ’ ಜೀವಸತ್ವಕ್ಕೆ ಹಾಲೇ ಬೇಕಿಲ್ಲ

ಕಣ್ಣು ಎಂದೊಡನೆ ನಮಗೆ ನೆನಪಾಗುವುದು ‘ಎ’ ಜೀವಸತ್ವ. ಇದರ ಕೊರತೆಯಿಂದ ಇರುಳುಗುರುಡು ಬರುತ್ತದೆ. ಕೊರತೆ ತೀವ್ರವಾದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಒಣಗಿ, ಹುಣ್ಣಾಗಿ ಶಾಶ್ವತ ಕುರುಡು ಬರಬಹುದು. ಹಾಲು, ಬೆಣ್ಣೆ, ಮೊಟ್ಟೆಗಳಲ್ಲಿ ಈ ಜೀವಸತ್ವ ಸಿದ್ಧ ರೂಪದಲ್ಲಿರುತ್ತದೆ. ನುಗ್ಗೆ ಸೊಪ್ಪು, ಹರಿವೆ, ಪಾಲಕ್, ಕ್ಯಾರೆಟ್, ಪಪ್ಪಾಯಿ, ಮಾವಿನ ಹಣ್ಣುಗಳಲ್ಲಿರುವುದು ಬೀಟಾ ಕೆರೋಟಿನ್. ಇದನ್ನು ನಮ್ಮ ದೇಹವೇ ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ.

ಆದರೆ ಲೆಕ್ಕ ಒಂದಕ್ಕೊಂದು ಅಲ್ಲ. ಆಹಾರದಲ್ಲಿನ ಸುಮಾರು 12 ಮೈಕ್ರೋಗ್ರಾಂ ಬೀಟಾ ಕೆರೋಟಿನ್‌ನಿಂದ ಸಿಗುವುದು 1 ಮೈಕ್ರೋಗ್ರಾಂ ‘ಎ’ ಜೀವಸತ್ವ. ಜೊತೆಗೆ ಸ್ವಲ್ಪ ಜಿಡ್ಡಿನಂಶವೂ ಬೇಕು. ಆದ್ದರಿಂದ ಸೊಪ್ಪಿನ ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ, ಮೇಲೆ ಒಂದಿಷ್ಟು ತೆಂಗಿನ ತುರಿ ಹಾಕುವ ನಮ್ಮ ಅಡುಗೆಯ ಕ್ರಮ ಒಳ್ಳೆಯದೇ. ದಿನವೂ ಹೀಗೆ ತಿನ್ನುವ ವಯಸ್ಕರಿಗೆ ಹಾಲು ಬಿಟ್ಟ ಮಾತ್ರಕ್ಕೆ ಇರುಳುಗುರುಡು ಬರುವುದಿಲ್ಲ. ಈ ಮಟ್ಟಿಗೆ ಮಗಳ ಮಾತು ಸರಿ.

ತೊಂದರೆ ಇರುವುದು ಬಿ-12ರಲ್ಲಿ

ಬಿ-12 ಜೀವಸತ್ವವನ್ನು ಗಿಡಗಳೂ ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ತಯಾರಿಸುವುದು ಸೂಕ್ಷ್ಮಾಣುಗಳು. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳಿಂದ ಅದು ಹಾಲಿಗೆ ಬರುತ್ತದೆ. ನಾವು ತಿನ್ನುವ ಅಕ್ಕಿ, ರಾಗಿ, ಬೇಳೆ, ಸೊಪ್ಪು, ತರಕಾರಿ, ಹಣ್ಣು ಯಾವುದರಲ್ಲೂ ನೆಚ್ಚಿಕೊಳ್ಳುವಷ್ಟು ಬಿ-12 ಇಲ್ಲ. ಹುಳಿ ಬಂದ ಇಡ್ಲಿ ಹಿಟ್ಟನ್ನೂ, ಅಂಗಡಿಯಲ್ಲಿ ಸಿಗುವ ಸ್ಪೈರುಲಿನಾ ಪುಡಿಯನ್ನೂ ನಂಬುವಂತಿಲ್ಲ. ಸ್ಪೈರುಲಿನಾದಲ್ಲಿ ಇರುವುದು ಬಹುಪಾಲು ಬಿ-12ನ್ನು ಹೋಲುವ, ದೇಹಕ್ಕೆ ಉಪಯೋಗವಾಗದ ವಸ್ತು.

ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೋಗ್ರಾಂ ಮಾತ್ರ. ಯಕೃತ್ತು ಇದನ್ನು ಕೆಲವು ವರ್ಷಗಳಿಗಾಗುವಷ್ಟು ಕೂಡಿಟ್ಟಿರುತ್ತದೆ. ಅಪಾಯ ಅಡಗಿರುವುದು ಇಲ್ಲಿಯೇ. ಹಾಲು ಬಿಟ್ಟು ಒಂದೆರಡು ವರ್ಷ ಏನೂ ಆಗುವುದಿಲ್ಲ. “ನೋಡಿ, ಆರೋಗ್ಯವಾಗಿಯೇ ಇದ್ದೇನೆ” ಎಂಬ ಧೈರ್ಯ ಬರುತ್ತದೆ. ಅಷ್ಟರಲ್ಲಿ ದಾಸ್ತಾನು ಮುಗಿಯುತ್ತಾ ಬಂದಿರುತ್ತದೆ.

ಬಿ-12 ಇಲ್ಲದಿದ್ದರೆ ರಕ್ತದ ಕೆಂಪು ಕಣಗಳು ಸರಿಯಾಗಿ ಬೆಳೆಯುವುದಿಲ್ಲ. ನರಗಳ ಮೇಲಿನ ಹೊದಿಕೆ ಹಾಳಾಗುತ್ತದೆ. ಅಂಗಾಲು ಜೋಮು ಹಿಡಿಯುವುದು, ಕತ್ತಲಲ್ಲಿ ನಡೆಯುವಾಗ ತೂರಾಡುವುದು, ಮರೆವು, ಬೇಸರ, ನಾಲಗೆ ಉರಿ ಇವೆಲ್ಲ ಇದರ ಲಕ್ಷಣಗಳು. ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರವೂ ಒಂದು ನರವೇ ತಾನೆ? ಅದಕ್ಕೆ ಪೆಟ್ಟು ಬಿದ್ದರೆ ಎರಡೂ ಕಣ್ಣು ನೋವಿಲ್ಲದೆ, ನಿಧಾನವಾಗಿ ಮಂಜಾಗುತ್ತವೆ. ನೋಟದ ನಡುಭಾಗ ಮಸುಕಾಗುತ್ತದೆ. ಬಣ್ಣಗಳು, ಅದರಲ್ಲೂ ಕೆಂಪು, ಪೇಲವವಾಗಿ ಕಾಣುತ್ತವೆ. ಕನ್ನಡಕ ಬದಲಿಸಿದರೂ ಪ್ರಯೋಜನವಾಗುವುದಿಲ್ಲ.

ನಾನು ಮಾಡಿದ ತಪ್ಪು

ಆ ಹುಡುಗಿ ಒಂದೇ ವರ್ಷದಲ್ಲಿ ಎರಡು ಬಾರಿ ಕನ್ನಡಕ ಬದಲಿಸಿದ್ದಳು. “ಕಾಲು ಜೋಮು ಹಿಡಿಯುತ್ತದೆಯೇನಮ್ಮಾ?” ಎಂದು ಕೇಳಿದೆ. ಹೌದೆಂದಳು. ಹಳೆಯ ಚೀಟಿ ತೆಗೆದು ನೋಡಿದಾಗ ನನಗೇ ನಾಚಿಕೆಯಾಯಿತು. ಎರಡು ವರ್ಷದ ಹಿಂದೆ ಸುಸ್ತು ಎಂದು ಆಕೆ ನನ್ನ ಬಳಿಯೇ ಬಂದಿದ್ದಳು. ಹಿಮೋಗ್ಲೋಬಿನ್ ಕಡಿಮೆ ಇತ್ತು. ಏನು ತಿನ್ನುತ್ತೀ ಎಂದು ನಾನು ಕೇಳಿರಲಿಲ್ಲ. ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಬರೆದುಕೊಟ್ಟೆ. ರಕ್ತ ಸುಧಾರಿಸಿತು. ನಾನೂ ಮರೆತೆ.

ಬಿ-12 ಕೊರತೆಯಿಂದಾದ ರಕ್ತಹೀನತೆಯನ್ನು ಫೋಲಿಕ್ ಆಮ್ಲ ಒಂದು ಮಟ್ಟಕ್ಕೆ ಸರಿಪಡಿಸಬಲ್ಲದು. ಆದರೆ ನರಗಳಿಗೆ ಆಗುವ ಹಾನಿಯನ್ನು ಅದು ತಡೆಯುವುದಿಲ್ಲ. ಮೇಲೆ ರಕ್ತ ಚೆನ್ನಾಗಿ ಕಾಣುತ್ತಿದ್ದರೂ ಒಳಗೆ ನರ ಸವೆಯುತ್ತಲೇ ಇರುತ್ತದೆ.

ಇಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಕಟ್ಟುನಿಟ್ಟಿನ ವೀಗನ್ ಆಹಾರದಲ್ಲಿದ್ದ, ಮೂವತ್ತು ದಾಟಿದ ವ್ಯಕ್ತಿಯೊಬ್ಬ ದೃಷ್ಟಿ ಕಳೆದುಕೊಂಡದ್ದನ್ನು 2000ದಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದರು. ಇನ್ನೊಂದು ಪ್ರಕರಣ 2019ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ವರದಿಯಾಯಿತು. ಆ ಹುಡುಗ ವೀಗನ್ ಅಲ್ಲ. ಕರಿದ ಆಲೂಗಡ್ಡೆ, ಚಿಪ್ಸ್, ಬಿಳಿ ಬ್ರೆಡ್ಡು, ಸಂಸ್ಕರಿಸಿದ ಮಾಂಸ ಇಷ್ಟನ್ನೇ ವರ್ಷಗಟ್ಟಲೆ ತಿಂದು, ಹದಿನೇಳರ ಹೊತ್ತಿಗೆ ಸರಿಪಡಿಸಲಾಗದಷ್ಟು ದೃಷ್ಟಿ ಕಳೆದುಕೊಂಡ. ಅಂದರೆ ತಟ್ಟೆಯಲ್ಲಿ ಮಾಂಸವಿದೆಯೇ ಇಲ್ಲವೇ ಎಂಬುದಷ್ಟೇ ಮುಖ್ಯವಲ್ಲ. ದೇಹಕ್ಕೆ ಬೇಕಾದದ್ದು ಸಿಗುತ್ತಿದೆಯೇ ಎಂಬುದು ಮುಖ್ಯ.

ಒಳ್ಳೆಯದೂ ಇದೆ, ಎಚ್ಚರವೂ ಬೇಕು

ವೀಗನ್ ಆಹಾರದಿಂದ ಕೆಡುಕೇ ಎಂದು ತಿಳಿಯಬೇಡಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ತಜ್ಞರು ಸಾವಿರಾರು ಜನರನ್ನು ಹಲವು ವರ್ಷ ಗಮನಿಸಿ 2011ರಲ್ಲಿ ಒಂದು ವರದಿ ಪ್ರಕಟಿಸಿದರು. ದಿನಕ್ಕೆ 100 ಗ್ರಾಂಗಿಂತ ಹೆಚ್ಚು ಮಾಂಸ ತಿನ್ನುವವರಿಗೆ ಹೋಲಿಸಿದರೆ ಕಣ್ಣಿನ ಪೊರೆ ಬರುವ ಸಂಭವ ವೀಗನ್ನರಲ್ಲಿ ಸುಮಾರು ಶೇ. 40ರಷ್ಟು ಕಡಿಮೆಯಿತ್ತು. ಇದಕ್ಕೆ ಅವರ ಇತರ ಅಭ್ಯಾಸಗಳೂ ಕಾರಣವಾಗಿರಬಹುದು. ಅದೇ ಅಧ್ಯಯನದ 2020ರ ವರದಿಯಲ್ಲಿ ಮಾಂಸಾಹಾರಿಗಳಿಗಿಂತ ವೀಗನ್ನರಲ್ಲಿ ಮೂಳೆ ಮುರಿತ ಶೇ. 43ರಷ್ಟು ಹೆಚ್ಚು ಕಂಡುಬಂತು. ಸುಣ್ಣದ ಅಂಶ ಮತ್ತು ಪ್ರೋಟೀನ್ ಕಡಿಮೆಯಾದರೆ ಮೂಳೆ ದುರ್ಬಲವಾಗುತ್ತದೆ.

ಈ ವಿಷಯದಲ್ಲಿ ನಾವು ಭಾಗ್ಯವಂತರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಎಳ್ಳಿನಲ್ಲಿ ಅದಕ್ಕಿಂತಲೂ ಹೆಚ್ಚು. ಮುದ್ದೆ, ಬಸ್ಸಾರು, ಎಳ್ಳಿನ ಚಟ್ನಿಪುಡಿ, ಮೊಳಕೆ ಕಾಳಿನ ಉಸಲಿ ಇದ್ದರೆ ಹಾಲಿನ ಕೊರತೆಯನ್ನು ಬಹುಮಟ್ಟಿಗೆ ತುಂಬಬಹುದು. ಊಟದ ಜೊತೆ ನಿಂಬೆರಸ ಹಿಂಡಿಕೊಂಡರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಉಪ್ಪು ಮಾತ್ರ ಅಯೋಡಿನ್ ಬೆರೆಸಿದ್ದೇ ಇರಲಿ.

ನೀವು ಮಾಡಬೇಕಾದದ್ದು

* ವೀಗನ್ ಆಹಾರ ಆರಂಭಿಸಿದ ದಿನದಿಂದಲೇ ಬಿ-12 ಮಾತ್ರೆ ತೆಗೆದುಕೊಳ್ಳಿ. ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಅಥವಾ ವಾರಕ್ಕೆ 2000 ಮೈಕ್ರೋಗ್ರಾಂ ಬೇಕೆಂದು ವೀಗನ್ ಸೊಸೈಟಿಯೇ ಹೇಳುತ್ತದೆ. ಇದನ್ನು ಸೂಕ್ಷ್ಮಾಣುಗಳಿಂದ ತಯಾರಿಸುವುದರಿಂದ ನಿಮ್ಮ ತತ್ವಕ್ಕೂ ಭಂಗವಿಲ್ಲ. ಆದರೆ ಕ್ಯಾಪ್ಸೂಲಿನ ಹೊದಿಕೆಯಲ್ಲಿ ಜೆಲಾಟಿನ್ ಇರಬಹುದು, ಓದಿ ಕೊಳ್ಳಿ.

* ಈಗಾಗಲೇ ಕೆಲವು ವರ್ಷಗಳಾಗಿದ್ದರೆ ರಕ್ತದಲ್ಲಿ ಬಿ-12 ಪರೀಕ್ಷೆ ಮಾಡಿಸಿ. ಕೊರತೆ ಇದ್ದವರಿಗೆ ಚುಚ್ಚುಮದ್ದು ಬೇಕಾಗಬಹುದು.

* ಮಧುಮೇಹಕ್ಕೆ ಮೆಟ್‌ಫಾರ್ಮಿನ್, ಹುಳಿತೇಗಿಗೆ ಒಮೆಪ್ರಜೋಲ್ ಮುಂತಾದ ಮಾತ್ರೆಗಳನ್ನು ಬಹುಕಾಲ ನುಂಗುವವರಿಗೆ ಬಿ-12 ಸರಿಯಾಗಿ ಹೀರಲ್ಪಡುವುದಿಲ್ಲ. ಹಾಲು ಕುಡಿಯುವ ಸಸ್ಯಾಹಾರಿಗಳೂ ಇದನ್ನು ನೆನಪಿಡಬೇಕು. ಕಾಫಿಗೆ ಬೀಳುವ ಎರಡು ಚಮಚ ಹಾಲು ಲೆಕ್ಕಕ್ಕೆ ಬರುವುದಿಲ್ಲ.

* ಗರ್ಭಿಣಿಯರು, ಬಾಣಂತಿಯರು ಅಸಡ್ಡೆ ಮಾಡಲೇಬಾರದು. ತಾಯಿಯಲ್ಲಿ ಬಿ-12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ. ನಗುತ್ತಿದ್ದ ಮಗು ಮಂಕಾಗಿ, ಕತ್ತು ನಿಲ್ಲಿಸುವುದನ್ನೇ ಮರೆಯಬಹುದು. ಮಗುವಿಗೆ ನಡುಕವೂ ಬರಬಹುದು.

* ಎರಡೂ ಕಣ್ಣು ಮಂಜಾಗುತ್ತಾ ಬಂದರೆ ಕನ್ನಡಕದ ಅಂಗಡಿಗಷ್ಟೇ ಹೋಗಿ ಸುಮ್ಮನಾಗಬೇಡಿ. ಕಣ್ಣಿನ ವೈದ್ಯರಿಗೆ ತೋರಿಸಿ, ನಿಮ್ಮ ಆಹಾರದ ವಿಷಯವನ್ನೂ ಹೇಳಿ.

ಆ ಹುಡುಗಿಗೆ ಕಣ್ಣಿನ ತಜ್ಞರ ಸಲಹೆಯಂತೆ ಬಿ-12 ಚುಚ್ಚುಮದ್ದು ಕೊಟ್ಟೆವು. ಕೆಲವು ತಿಂಗಳಲ್ಲಿ ದೃಷ್ಟಿ ಬಹುಪಾಲು ಮರಳಿತು. ಕಾಲಿನ ಜೋಮು ಇನ್ನೂ ಪೂರ್ತಿ ಹೋಗಿಲ್ಲ. ದೃಷ್ಟಿನರ ಒಣಗಿದ ಮೇಲೆ ಬಂದಿದ್ದರೆ ಕಣ್ಣೂ ಮರಳುತ್ತಿರಲಿಲ್ಲ. ಆಕೆ ಇಂದಿಗೂ ಹಾಲು ಕುಡಿಯುವುದಿಲ್ಲ. ಕುಡಿಯಲೇಬೇಕೆಂದು ನಾನು ಹೇಳಲೂ ಇಲ್ಲ. ಮಾತ್ರೆ ಮಾತ್ರ ತಪ್ಪಿಸುವುದಿಲ್ಲ. ಮರೆತರೆ ನೆನಪಿಸುವ ಕೆಲಸವನ್ನು ತಂದೆ ವಹಿಸಿಕೊಂಡಿದ್ದಾರೆ. ಹಾಲಿನ ಲೋಟ ಹಿಡಿದು ಜಗಳವಾಡುವುದಕ್ಕಿಂತ ಇದು ಒಳ್ಳೆಯದು.