ನೇಪಾಳಕ್ಕೆ ರೈಲಾ, ವಿಮಾನಾ? ಟಿಕೆಟ್ ದರ ನೋಡೋ ಮೊದಲು ಈ ಲೆಕ್ಕ ಹಾಕಿ

ಪಶುಪತಿನಾಥನ ದರ್ಶನಕ್ಕೆ ಗುಂಪು ಕಟ್ಟಿಕೊಂಡು ನೇಪಾಳಕ್ಕೆ ಹೋಗುವವರು ನಮ್ಮ ಕಡೆ ಕಡಿಮೆಯೇನಿಲ್ಲ. ವೀಸಾ ಬೇಡ, ಅನ್ನ-ಸಾರಿಗೆ ತೊಂದರೆಯಿಲ್ಲ, ಹಿಂದಿ ಬಂದರೆ ಸಾಕು. ಆ ದೇವಸ್ಥಾನದ ಮುಖ್ಯ ಅರ್ಚಕರೂ ಪರಂಪರೆಯಿಂದ ಕರ್ನಾಟಕ ಮೂಲದವರೇ. ಆದರೆ ಹೋಗೋದು ಹೇಗೆ ಅನ್ನೋ ಮಾತು ಬಂದಾಗ ಹೆಚ್ಚಿನವರು ನೋಡೋದು ಟಿಕೆಟ್ ದರ ಒಂದನ್ನೇ. ರೈಲು ಅಗ್ಗ, ವಿಮಾನ ದುಬಾರಿ ಅಂತ ಅಲ್ಲಿಗೇ ತೀರ್ಮಾನ. ಅಂಗಡಿ ಇಟ್ಟುಕೊಂಡವರಿಗೆ, ದಿನದ ದುಡಿಮೆ ನಂಬಿದವರಿಗೆ ಇದು ಅರ್ಧ ಲೆಕ್ಕ ಮಾತ್ರ.

ರೈಲಿನಲ್ಲಿ ಹೋದರೆ

ಯಶವಂತಪುರದಿಂದ ಉತ್ತರ ಪ್ರದೇಶದ ಗೋರಖ್‌ಪುರಕ್ಕೆ ನೇರ ರೈಲಿದೆ. ಆದರೆ ದಿನಾ ಇಲ್ಲ, ವಾರದ ಕೆಲವೇ ದಿನ. ಪ್ರಯಾಣ ಸುಮಾರು ಎರಡು ದಿನ. ಅಲ್ಲಿಂದ ಬಸ್ಸಿನಲ್ಲಿ ಮೂರು ತಾಸು ಹೋದರೆ ಸೋನೌಲಿ ಗಡಿ. ಗಡಿಯನ್ನು ನಡೆದೋ ರಿಕ್ಷಾದಲ್ಲೋ ದಾಟಿದರೆ ಭೈರಹವಾ. ಅಲ್ಲಿಂದ ಕಠ್ಮಂಡುವಿಗೆ ಮತ್ತೆ ಬಸ್ಸು, ಹಗಲಿಡೀ ಪ್ರಯಾಣ. ನಮ್ಮೂರಿಂದ ಬೆಂಗಳೂರಿಗೆ ಹೋಗುವ ಹೊತ್ತನ್ನೂ ಸೇರಿಸಿದರೆ ಒಂದು ಕಡೆಗೆ ಮೂರೂವರೆ ದಿನ, ಹೋಗಿ ಬರೋಕೆ ಏಳು ದಿನ. ರೈಲ್ವೆ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತೆ. ರಜೆ ದಿನಗಳಲ್ಲಿ ತಡ ಮಾಡಿದರೆ ವೇಯ್ಟಿಂಗ್ ಲಿಸ್ಟೇ ಗತಿ.

ವಿಮಾನದಲ್ಲಿ ಹೋದರೆ

ಬೆಂಗಳೂರಿನಿಂದ ದೆಹಲಿ ಮೂಲಕ ಹೋದರೂ ಒಂದೇ ದಿನದಲ್ಲಿ ಕಠ್ಮಂಡು ತಲುಪಬಹುದು. ಹೋಗಿ ಬರೋಕೆ ಎರಡು ದಿನ ಸಾಕು. ಇಲ್ಲಿ ಒಂದು ಎಚ್ಚರಿಕೆ: ಬೆಂಗಳೂರು-ದೆಹಲಿ ಒಂದು ಟಿಕೆಟ್, ದೆಹಲಿ-ಕಠ್ಮಂಡು ಇನ್ನೊಂದು ಟಿಕೆಟ್ ಅಂತ ಬೇರೆ ಬೇರೆ ತೆಗೆದುಕೊಂಡರೆ ಕೆಲವೊಮ್ಮೆ ಅಗ್ಗ ಕಾಣುತ್ತೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ದುಡ್ಡು ಹೋದ ಹಾಗೇ. ಎರಡೂ ಸೇರಿ ಒಂದೇ ಬುಕಿಂಗ್ ಇರಲಿ.

ಅಂಗಡಿ ಬಾಗಿಲಿನ ಲೆಕ್ಕ

ಎರಡಕ್ಕೂ ಇರೋ ಅಂತರ ಐದು ದಿನ. ಒಂದು ಉದಾಹರಣೆ ನೋಡಿ. ಇಲ್ಲಿನ ಅಂಕಿ ಲೆಕ್ಕಕ್ಕಾಗಿ ಮಾತ್ರ, ನಿಮ್ಮದನ್ನು ನೀವೇ ಹಾಕಿಕೊಳ್ಳಿ. ವಿಮಾನಕ್ಕೆ ತಲೆಗೆ 10,000 ರೂ. ಹೆಚ್ಚು ಬೀಳುತ್ತೆ ಅಂದುಕೊಳ್ಳಿ. ದಾರಿಯ ಊಟ-ವಸತಿಗೆ ತಲೆಗೆ ದಿನಕ್ಕೆ 500 ರೂ. ಅಂಗಡಿಯಿಂದ ದಿನಕ್ಕೆ ಕೈಗೆ ಉಳಿಯೋದು 1,500 ರೂ.

ಒಬ್ಬರೇ ಹೋಗುವ ವ್ಯಾಪಾರಿಗೆ ಐದು ದಿನದ ದುಡಿಮೆ 7,500, ಊಟ-ವಸತಿ 2,500. ಒಟ್ಟು 10,000. ಅಂದರೆ ರೈಲಿನಲ್ಲಿ ಉಳಿಸಿದ್ದು ಅಲ್ಲಿಗೇ ಚುಕ್ತಾ.

ನಾಲ್ಕು ಜನರ ಒಂದೇ ಕುಟುಂಬ, ಒಂದೇ ಅಂಗಡಿ ಇದ್ದರೆ ಲೆಕ್ಕ ಬೇರೆ. ವಿಮಾನಕ್ಕೆ ಹೆಚ್ಚು ಕೊಡೋದು 40,000. ರೈಲಿನಿಂದ ಆಗೋ ಹೆಚ್ಚುವರಿ ಖರ್ಚು-ನಷ್ಟ 7,500 ಮತ್ತು 10,000, ಒಟ್ಟು 17,500. ರೈಲಿನಲ್ಲಿ 22,500 ಉಳಿಯುತ್ತೆ.

ಅದೇ ನಾಲ್ವರು ವ್ಯಾಪಾರಿ ಗೆಳೆಯರು ಹೊರಟರೆ ನಾಲ್ಕು ಅಂಗಡಿಗೆ ಬೀಗ. ಮತ್ತೆ ಸಮಸಮ.

ಸುಲಭವಾಗಿ ಹೇಳೋದಾದ್ರೆ, ಟಿಕೆಟ್ ವ್ಯತ್ಯಾಸ ತಲೆಗೊಂದು, ಅಂಗಡಿ ನಷ್ಟ ಬಾಗಿಲಿಗೊಂದು. ತಲೆ ಜಾಸ್ತಿ, ಬಾಗಿಲು ಒಂದೇ ಆದರೆ ರೈಲು ಲಾಭ. ಎಷ್ಟು ತಲೆಯೋ ಅಷ್ಟೇ ಬಾಗಿಲು ಅಂದರೆ ವಿಮಾನವೇ ಲೇಸು, ಮೈಕೈ ನೋವಾದರೂ ಉಳಿಯುತ್ತೆ. ಮಗನೋ ತಮ್ಮನೋ ಅಂಗಡಿ ನೋಡಿಕೊಳ್ಳುವಂತಿದ್ದರೆ, ನಿವೃತ್ತರಾಗಿದ್ದರೆ ರೈಲಿಗೆ ಯೋಚನೆಯೇ ಬೇಡ.

ಮಧ್ಯದ ದಾರಿ

ಕಾಶಿಯನ್ನೂ ನೋಡಬೇಕು ಅನ್ನೋರು ಬೆಂಗಳೂರಿನಿಂದ ವಾರಾಣಸಿಗೆ ನೇರ ವಿಮಾನದಲ್ಲಿ ಹೋಗಿ, ಅಲ್ಲಿಂದ ರೈಲಿನಲ್ಲಿ ಗೋರಖ್‌ಪುರ ಸೇರಿ ಸೋನೌಲಿ ದಾಟಬಹುದು. ಬುದ್ಧ ಹುಟ್ಟಿದ ಲುಂಬಿನಿ ಭೈರಹವಾದಿಂದ ಸುಮಾರು 25 ಕಿ.ಮೀ. ಅಷ್ಟೇ, ಹಾದಿಯಲ್ಲೇ ಆಗಿಹೋಗುತ್ತೆ. ಬರೀ ಕಠ್ಮಂಡು ಸಾಕು ಅನ್ನೋರಿಗೆ ಈ ಸುತ್ತು ಬೇಡ.

ಅಲ್ಲಿ ಓಡಾಟ ಹೇಗೆ?

ಕಠ್ಮಂಡು ವಿಮಾನ ನಿಲ್ದಾಣಕ್ಕೆ ಪಶುಪತಿನಾಥ ದೇವಸ್ಥಾನ ತೀರಾ ಹತ್ತಿರ. ಪ್ರವಾಸಿಗರು ಉಳಿಯೋ ಥಮೇಲ್ ಕೂಡ ಐದಾರು ಕಿ.ಮೀ. ಒಳಗೇ. ದೂರ ಹೇಳಿ ಹೆಚ್ಚು ಕೇಳಿದರೆ ಒಪ್ಪಬೇಡಿ. ಪಠಾವ್, ಇನ್‌ಡ್ರೈವ್ ಆ್ಯಪ್‌ಗಳು ಅಲ್ಲಿ ನಡೆಯುತ್ತವೆ.

ಬಾಡಿಗೆ ಮಾತಾಡುವಾಗ "ಐಸಿಯೋ ಎನ್‌ಸಿಯೋ" ಅಂತ ಮೊದಲೇ ಕೇಳಿ. ಐಸಿ ಅಂದರೆ ನಮ್ಮ ರೂಪಾಯಿ, ಎನ್‌ಸಿ ಅಂದರೆ ನೇಪಾಳಿ ರೂಪಾಯಿ. ನಮ್ಮ 100 ರೂ. ಅವರ 160 ರೂ.ಗೆ ಸಮ. ಕೇಳದೆ ಹತ್ತಿದರೆ ಇಳಿಯುವಾಗ ಜಗಳ. ಚಿಲ್ಲರೆ ಖರ್ಚಿಗೆ 100 ರೂ. ನೋಟು ಇಟ್ಟುಕೊಳ್ಳಿ.

ಕಠ್ಮಂಡುವಿನಿಂದ ಪೋಖರಾ 200 ಕಿ.ಮೀ. ಬೆಳಿಗ್ಗೆ ಹೊರಡುವ ಟೂರಿಸ್ಟ್ ಬಸ್ಸಿಗೆ ಏಳೆಂಟು ತಾಸು, ವಿಮಾನಕ್ಕೆ ಅರ್ಧ ತಾಸು. ಮುಕ್ತಿನಾಥಕ್ಕೆ ಹೋಗೋರು ಪೋಖರಾದಿಂದ ಜೋಮ್‌ಸೋಮ್‌ಗೆ ಸಣ್ಣ ವಿಮಾನದಲ್ಲಿ 20 ನಿಮಿಷದಲ್ಲಿ ತಲುಪಿ, ಮುಂದೆ ಜೀಪ್ ಹಿಡಿಯಬೇಕು. ಕಣಿವೆಯಲ್ಲಿ ಮಧ್ಯಾಹ್ನ ಗಾಳಿ ಜೋರು, ಹಾಗಾಗಿ ಬೆಳಿಗ್ಗೆ ಮಾತ್ರ ವಿಮಾನ. ಮೋಡ ಕವಿದರೆ ಅದೂ ರದ್ದು. ವಾಪಸ್ ಟಿಕೆಟ್ ಮಾಡುವಾಗ ಒಂದು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಗುಡ್ಡ ಕುಸಿಯೋ ಕಾಲ. 2024ರ ಜುಲೈನಲ್ಲಿ ನಾರಾಯಣಘಾಟ್-ಮುಗ್ಲಿಂಗ್ ರಸ್ತೆಯಲ್ಲಿ ಎರಡು ಬಸ್ಸುಗಳು ಭೂಕುಸಿತಕ್ಕೆ ಸಿಕ್ಕಿ ತ್ರಿಶೂಲಿ ನದಿಗೆ ಬಿದ್ದು ಹತ್ತಾರು ಜನ ಕೊಚ್ಚಿಹೋದರು. ಅಪಘಾತ ಆಗಿದ್ದು ಬೆಳಗಿನ ಜಾವ. ಭೈರಹವಾದಿಂದ ಕಠ್ಮಂಡುವಿಗೆ ಹೋಗೋ ಬಸ್ಸುಗಳದ್ದೂ ಸಾಮಾನ್ಯವಾಗಿ ಇದೇ ದಾರಿ. ಲಾಡ್ಜ್ ಖರ್ಚು ಉಳಿಯುತ್ತೆ ಅಂತ ರಾತ್ರಿ ಬಸ್ ಹತ್ತಬೇಡಿ. ಮಳೆಗಾಲದಲ್ಲಿ ಹೋಗಲೇಬೇಕಿದ್ದರೆ ವಿಮಾನ ನೋಡಿ.

ಆಧಾರ್ ಸಾಲದು

15ರಿಂದ 65 ವರ್ಷದೊಳಗಿನವರಿಗೆ ಆಧಾರ್ ಒಂದೇ ಇದ್ದರೆ ಸಾಲದು. ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ, ಎರಡರಲ್ಲಿ ಒಂದರ ಅಸಲು ಪ್ರತಿ ಬೇಕು. 65 ದಾಟಿದ ಹಿರಿಯರಿಗೆ, 15ರೊಳಗಿನ ಮಕ್ಕಳಿಗೆ ಆಧಾರ್ ನಡೆಯುತ್ತೆ. 15ರಿಂದ 18ರೊಳಗಿನವರಿಗೆ ಶಾಲೆ ಮುಖ್ಯಸ್ಥರ ಗುರುತಿನ ಪ್ರಮಾಣಪತ್ರ ಆಗುತ್ತೆ. 18 ತುಂಬಿದ ಮಕ್ಕಳಿಗೆ ವೋಟರ್ ಐಡಿ ಮಾಡಿಸಿಲ್ಲ ಅಂದರೆ ಈಗಲೇ ಅರ್ಜಿ ಹಾಕಿ. ಟಿಕೆಟ್‌ನಲ್ಲಿರೋ ಹೆಸರು, ಇನಿಷಿಯಲ್ ಸಮೇತ, ಚೀಟಿಯಲ್ಲಿರೋ ಹೆಸರಿಗೆ ತಾಳೆಯಾಗಬೇಕು. ದುಡ್ಡು ಕಟ್ಟುವ ಮೊದಲು ಮನೆಯವರೆಲ್ಲರ ಚೀಟಿಯನ್ನೂ ಮುಂದಿಟ್ಟುಕೊಂಡು ಒಮ್ಮೆ ನೋಡಿಬಿಡಿ.